ಅತ್ತಿಮರದ ಓರೆ ಕಡಿತ

ಸಣ್ಣಸ್ವಾಮಣ್ಣ ಈಗ ನಮ್ಮ ಬೀದಿಯಲ್ಲಿ ನಡೆಯುವುದಿಲ್ಲ. ಅಂಗಡಿಗೆ ಹೋಗಬೇಕಾದರೂ ತೋಟದ ಬೇಲಿ ಬಳಸಿ, ಕೆರೆ ಏರಿ ಹತ್ತಿ, ಸುತ್ತಿಕೊಂಡು ಹೋಗುತ್ತಾನೆ. ಎದುರಿಗೆ ಸಿಕ್ಕಿದವರು ಕಾಫಿ ಆಯ್ತಾ ಎಂದರೆ ಆಯ್ತು ಅನ್ನುವಷ್ಟರಲ್ಲಿ ದಾಟಿರುತ್ತಾನೆ. ಒಂದು ಕಾಲದಲ್ಲಿ ಇದೇ ಮನುಷ್ಯ ನಮ್ಮ ಜಗಲಿಯ ಮೇಲೆ ಕೂತನೆಂದರೆ ಎರಡನೆಯ ಲೋಟ ಕಾಫಿ ಕುಡಿಯದೆ ಏಳುತ್ತಿರಲಿಲ್ಲ. ಅವನ ಬಡಾಯಿ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದು, ಒಳಗೆ ಹೋಗಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ. ಈಗ ಜಗಲಿ ಖಾಲಿ ಇರುವುದು ನೋಡಿದರೆ ಬೇಸರವಾಗುತ್ತದೆ.

ನಮ್ಮೂರು ಶನಿವಾರಸಂತೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಸಣ್ಣಸ್ವಾಮಣ್ಣನದು ಮರಗಸಿ ಕೆಲಸ. ಮಳೆಗಾಲಕ್ಕೆ ಮುಂಚೆ ಕಾಫಿ ತೋಟದ ನೆರಳಿನ ಮರಗಳನ್ನು ಹತ್ತಿ, ದಟ್ಟವಾದ ಕೊಂಬೆಗಳನ್ನು ಕಡಿದು ಗಿಡಕ್ಕೆ ಬಿಸಿಲು ಬಿಡಿಸಬೇಕು. ಸುತ್ತಲಿನ ಎಸ್ಟೇಟುಗಳಲ್ಲಿ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್‌ಗಳೆಲ್ಲ ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಕೊಂಬೆಗೆ ಕೆಳಗಿನಿಂದ ಒಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಓರೆಯಾಗಿ ಏಟು ಕೊಡುತ್ತಾನೆ. ಸಿಪ್ಪೆ ಸೀಳುವುದಿಲ್ಲ, ಗಾಯದಲ್ಲಿ ನೀರು ನಿಲ್ಲುವುದಿಲ್ಲ. ಎಡಗೈಯವನಾದ್ದರಿಂದ ಅವನ ಓರೆ ಉಳಿದವರ ಓರೆಗೆ ಉಲ್ಟಾ ಇರುತ್ತದೆ. ತೋಟದಲ್ಲಿ ನಡೆಯುವಾಗ ತಲೆ ಎತ್ತಿ ನೋಡಿದರೆ ಇದು ಸಣ್ಣಸ್ವಾಮಣ್ಣ ಹತ್ತಿದ ಮರ ಎಂದು ನನ್ನಂಥವಳಿಗೂ ತಿಳಿಯುತ್ತದೆ.

ಆದರೆ ಅವನ ಹೆಮ್ಮೆ ಇದ್ದದ್ದು ಮರಗಸಿಯಲ್ಲಲ್ಲ, ಊರಿಗೆ ಸಾರುವುದರಲ್ಲಿ. ಯುಗಾದಿಯ ಆಸುಪಾಸಿಗೆ ನಮ್ಮ ಕಡೆ ಸುಗ್ಗಿ, ಊರ ದೇವರ ಹಬ್ಬ. ಅದಕ್ಕೆ ಮುಂಚೆ ಊರಿಗೆ ಕಟ್ಟು ಹಾಕುತ್ತಾರೆ. ಕಟ್ಟು ಇರುವಷ್ಟು ದಿನ ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ನೆಲ ಅಗೆಯುವಂತಿಲ್ಲ, ಸಾರಿಗೆ ಒಗ್ಗರಣೆ ಕೂಡ ಹಾಕುವಂತಿಲ್ಲ. ಕಟ್ಟು ಮುರಿದರೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಡುತ್ತದೆ, ಹೂಮಳೆ ಇಲ್ಲದಿದ್ದರೆ ಕಾಫಿ ಇಲ್ಲ. ಬರಿಗಾಲಲ್ಲಿ, ಹೆಗಲಿಗೆ ಕಂಬಳಿ ಹಾಕಿಕೊಂಡು ಮನೆಮನೆಯ ಮುಂದೆ ನಿಂತು ಇದನ್ನು ಕೂಗಿ ಸಾರುವುದು ಸಣ್ಣಸ್ವಾಮಣ್ಣನ ಮನೆತನದ ಹಕ್ಕು. ಅವನ ಅಪ್ಪ, ಅಜ್ಜ ಎಲ್ಲರೂ ಸಾರಿದವರು. ಸಾರುವವನೇ ಕಟ್ಟು ಮುರಿದರೆ ಹಕ್ಕು ಆ ಮನೆಯಿಂದ ಹೋಗುತ್ತದೆ, ಮತ್ತೆ ಬರುವುದಿಲ್ಲ. ಊರಿನಲ್ಲಿ ಅಂಥದ್ದು ಎಂದೂ ನಡೆದಿರಲಿಲ್ಲ.

ಹೋದ ವರ್ಷದ ಹಿಂದಿನ ಸುಗ್ಗಿಗೆ ಇನೆಸ್ ಬಂದಳು. ಪೆರು ದೇಶದ ಹುಡುಗಿ, ಮೈಸೂರಿಗೆ ಓದಲು ಬಂದಿದ್ದಳು. ನಮ್ಮ ಗುಡ್ಡದ ಕಾಡಿನೊಳಗೆ ಪಾಂಡವರ ಮನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಹಳೆಯ ಕಾಲದ ಗೋರಿಗಳು. ಒಂದು ಚಪ್ಪಡಿಯಲ್ಲಿ ದುಂಡಗೆ ಕಿಂಡಿ ಕೊರೆದಿರುತ್ತಾರೆ. ಅವುಗಳ ಬಗ್ಗೆ ಬರೆಯಬೇಕೆಂದು ಬಂದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಉಳಿದಳು. ತನ್ನ ದೇಶದಲ್ಲೂ ಕಾಡು ನುಂಗಿದ ಊರುಗಳಿವೆ, ಅಲ್ಲಿ ಅಲೆದು ಅಭ್ಯಾಸ ಎಂದಳು. ನಮ್ಮ ಅತ್ತೆ ಗುರುಸಿದ್ದಮ್ಮ ಅವಳ ಹೆಸರು ನಾಲಿಗೆಗೆ ಹೊರಳದೆ ಇನ್ನಮ್ಮ ಎಂದು ಕರೆದರು, ಊರೆಲ್ಲ ಹಾಗೇ ಕರೆಯಿತು. ಅವಳಿಗೆ ದಾರಿ ತೋರಿಸಲು ಸಣ್ಣಸ್ವಾಮಣ್ಣ ತಾನೇ ಮುಂದೆ ಬಂದ. ಎಸ್ಟೇಟಿನ ಇಂಗ್ಲಿಷ್ ಅವನಿಗೆ ಸ್ವಲ್ಪ ಬರುತ್ತಿತ್ತು. ಅವಳು ಅಜ್ಜ, ಅಜ್ಜ ಎಂದು ಹಿಂದೆ ಸುತ್ತುತ್ತಿದ್ದಳು, ಇವನು ಉಬ್ಬಿ ಹೋಗಿದ್ದ.

ಅವಳು ಹೊರಡುವ ಹಿಂದಿನ ದಿನ ಬೆಳಗ್ಗೆ ಇಬ್ಬರೂ ಗುಡ್ಡ ಹತ್ತಿದರು. ಕಟ್ಟು ಬಿದ್ದು ಒಂದು ದಿನವಾಗಿತ್ತಷ್ಟೆ. ಹಿಂದಿನ ದಿನ ಅವನು ಸಾರುವುದನ್ನು ಅವಳು ಫೋನಿನಲ್ಲಿ ಹಿಡಿದು, ಏನು ಅರ್ಥ ಎಂದು ಕೇಳಿದ್ದಳು. ಹಬ್ಬ ಬಂತು ಅಂತ ಕೂಗೋದು ಎಂದು ಹೇಳಿ ಮುಗಿಸಿದ್ದ. ಬಿಡಿಸಿ ಹೇಳುವಷ್ಟು ಇಂಗ್ಲಿಷ್ ಅವನಿಗಿರಲಿಲ್ಲ. ಇಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅವನದಲ್ಲ.

ಮೇಲಿನ ಗೋರಿಯ ಕಿಂಡಿ ಮೂಡಣಕ್ಕಿದೆ. ಎಳೆಬಿಸಿಲು ಅದರೊಳಗೆ ಬೀಳುವುದನ್ನು ಫೋಟೋ ತೆಗೆಯಬೇಕೆಂದು ಅವಳ ಆಸೆ. ಪಕ್ಕದ ಅತ್ತಿಮರದ ಕೊಂಬೆಯೊಂದು ಕಿಂಡಿಗೆ ಅಡ್ಡ ಬಂದಿತ್ತು. ಪರವಾಗಿಲ್ಲ, ಇರಲಿ ಬಿಡಿ ಎಂದು ಅವಳು ಕೈ ಆಡಿಸಿದಳು. ಅಷ್ಟಕ್ಕೆ ಬಿಡಬಾರದಿತ್ತೇ? ಇವನಿಗೆ ತನ್ನ ಕೈಚಳಕ ತೋರಿಸಬೇಕಿತ್ತು. ಒನ್ ಮಿನಿಟ್ ಎಂದವನೇ ಸೊಂಟದ ಕತ್ತಿ ತೆಗೆದು ಕೆಳಗಿನಿಂದ ಕಚ್ಚು ಹಾಕಿ, ಮೇಲಿನಿಂದ ಓರೆಯಾಗಿ ಕೊಟ್ಟ. ಕೊಂಬೆ ಬಿತ್ತು. ಬಿಸಿಲು ಒಳಗೆ ಹೋಯಿತು. ಅವಳು ಚಪ್ಪಾಳೆ ತಟ್ಟಿದಳು. ಕಡಿದ ಜಾಗದಿಂದ ಹಾಲು ಸೋರಿ ಅಂಗಿಯ ತೋಳಿನ ಮೇಲೆ ಬಿದ್ದಾಗಲೇ ಅವನಿಗೆ ಕಟ್ಟು ನೆನಪಾಗಿದ್ದು. ಇದೆಲ್ಲ ಅವನೇ ನನ್ನ ಹತ್ತಿರ ಹೇಳಿದ್ದು ಒಂದು ವರ್ಷ ಕಳೆದ ಮೇಲೆ.

ಮಧ್ಯಾಹ್ನ ದನ ಹುಡುಕಿಕೊಂಡು ಗುಡ್ಡಕ್ಕೆ ಹೋದ ಕೆಂಪಣ್ಣ ಕೊಂಬೆ ನೋಡಿಕೊಂಡು ಬಂದ. ಸಂಜೆಯೊಳಗೆ ದೇವಸ್ಥಾನದ ಕಟ್ಟೆಯ ಹತ್ತಿರ ಊರು ಸೇರಿತು. ಯಜಮಾನರು ನಂಜಪ್ಪನವರು. ಅವರು ಗದರುವವರಲ್ಲ, ಮೆಲ್ಲಗೆ ಕೇಳಿ ಸುಮ್ಮನೆ ಕಾಯುವವರು.

“ಬೆಳಿಗ್ಗೆ ಮೇಲಕ್ಕೆ ಹೋದೋರು ನೀವಿಬ್ರೇ ಅಲ್ವ ಸಣ್ಣಸ್ವಾಮಿ. ಏನಾಯ್ತು?”

ಸಣ್ಣಸ್ವಾಮಣ್ಣ ಕಟ್ಟೆಯ ಕಲ್ಲು ನೋಡಿದ. “ಆ ಹುಡ್ಗಿ ಯಜಮಾನ್ರೇ. ಕತ್ತಿ ಇಸ್ಕೊಂಡ್ಳು, ನಾನು ಆ ಕಡೆ ತಿರುಗೋದ್ರೊಳ್ಗೆ ಕಡುದ್ಬುಟ್ಳು. ಗೊತ್ತಿಲ್ದಿರೋ ಮಗ, ಏನ್ ಮಾಡದು.”

ನಂಜಪ್ಪನವರು ಅವನನ್ನೇ ನೋಡಿದರು. “ನೋಡ್ದೋನು ನೀನೇ. ನೀನು ಹೇಳ್ದಂಗೇ ಆಗ್ಲಿ” ಎಂದರು.

ತಪ್ಪು ಮಾಡಿದವರು ದೇವರ ಮುಂದೆ ತಣ್ಣೀರು ಸುರಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಕಾಯಿ ಇಟ್ಟು ಅಡ್ಡ ಬೀಳಬೇಕು. ಅದು ನಮ್ಮಲ್ಲಿ ತಪ್ಪುಕಾಣಿಕೆ. ಪರದೇಶದ ಹುಡುಗಿ, ಮನೆಗೆ ಬಂದ ನೆಂಟರ ಹಾಗೆ, ಬಾಯಿಬಿಟ್ಟು ಬಯ್ಯಬೇಡಿ ಎಂದರು ಯಜಮಾನರು. ಅವಳಿಗೆ ತಿಳಿಸಿ ಹೇಳುವ ಕೆಲಸವೂ ಸಣ್ಣಸ್ವಾಮಣ್ಣನಿಗೇ ಬಿತ್ತು. ಅವನು ಅವಳನ್ನು ಕರೆದುಕೊಂಡು ಬಂದು, ಊರ ದೇವರ ಆಶೀರ್ವಾದ, ಸ್ಪೆಷಲ್, ನಿನಗೆ ಮಾತ್ರ ಎಂದು ಹೇಳಿದ.

ಹೆಣ್ಣುಮಗಳಿಗೆ ಹೆಣ್ಣೇ ಸುರಿಯಬೇಕೆಂದು ಕೊಡ ಎತ್ತಿದವರು ನಮ್ಮ ಅತ್ತೆ. ನೀರು ತಲೆಯ ಮೇಲೆ ಬಿದ್ದಾಗ ಇನೆಸ್ ಚಳಿಗೆ ನಡುಗುತ್ತಾ ನಗುತ್ತಿದ್ದಳು. ಕಾಯಿಯನ್ನು ಎದೆಗೆ ಅವಚಿಕೊಂಡು ನಿಂತು, ಅಕ್ಕ ತೆಗಿ ತೆಗಿ ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಫೋಟೋ ತೆಗೆದೆ, ಮುಖ ಗಂಟು ಹಾಕಿಕೊಂಡೇ ತೆಗೆದೆ. ನಮ್ಮ ಮನೆಯ ಅನ್ನ ತಿಂದು ಒಂದು ಮಾತು ಕೇಳದೆ ಕೊಂಬೆ ಕಡಿದಳಲ್ಲ ಎಂದು ನನಗೆ ಸಿಟ್ಟಿತ್ತು. ಅವಳು ಅಡ್ಡಬಿದ್ದು ಎದ್ದು ಸೀದಾ ಸಣ್ಣಸ್ವಾಮಣ್ಣನ ಹತ್ತಿರ ಹೋಗಿ ಅವನ ಕಾಲು ಮುಟ್ಟಿ, ಥ್ಯಾಂಕ್ಯೂ ಅಜ್ಜ ಎಂದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಮಾರನೆಯ ದಿನ ಅವಳು ಮೈಸೂರಿನ ಬಸ್ಸು ಹತ್ತಿದಳು.

ಆ ವರ್ಷ ಹೂಮಳೆ ಬೇಕಾದಷ್ಟು ಬಂತು. ಕಾಫಿ ಹೂವಿನ ಘಮ ಬೀದಿಯವರೆಗೂ ಇತ್ತು. ಸಣ್ಣಸ್ವಾಮಣ್ಣ ಮಾತ್ರ ಇಳಿದುಹೋದ. ಜಗಲಿಗೆ ಬಂದರೂ ಕೂರುವುದಿಲ್ಲ, ಕೂತರೂ ಬಡಾಯಿ ಇಲ್ಲ. ಅವಳು ವಾಟ್ಸಾಪಿನಲ್ಲಿ ನನಗೆ ಕಳಿಸುತ್ತಿದ್ದ ಮೆಸೇಜುಗಳಲ್ಲಿ ಅಜ್ಜ ಹೇಗಿದ್ದಾರೆ ಎಂದು ಇರುತ್ತಿತ್ತು. ಅದನ್ನು ಓದಿ ಹೇಳಿದರೆ ಎಲೆಅಡಿಕೆ ಉಗಿಯುವ ನೆಪ ಮಾಡಿ ಎದ್ದು ಹೋಗುತ್ತಿದ್ದ. ವಯಸ್ಸಾಯಿತು, ಮರ ಹತ್ತಿ ಸುಸ್ತು ಎಂದುಕೊಂಡೆ.

ಮರುವರ್ಷ ಸುಗ್ಗಿ ಹತ್ತಿರ ಬಂದಾಗ ನಂಜಪ್ಪನವರು ಅವನನ್ನು ಕರೆಸಿ, ಸಾರುವುದಕ್ಕೆ ಈ ಸಲ ಒಂದು ಮಾತು ಸೇರಿಸು ಎಂದರು. ಹೊರಗಿನವರು ಕಟ್ಟು ಮುರಿದರು, ಅದಕ್ಕೆ ಕಟ್ಟು ಇರುವಷ್ಟು ದಿನ ಹೊರಗಿನವರನ್ನು ಗುಡ್ಡಕ್ಕೆ ಕರೆದೊಯ್ಯಬಾರದು. ಅವನು ತಲೆ ತಗ್ಗಿಸಿ ಎದ್ದು ಬಂದ. ಅದೇ ವಾರ ಇನೆಸ್ ಬ್ಯಾಗು ಹೊತ್ತು ನಮ್ಮ ಮನೆಗೆ ಬಂದಳು, ಉಳಿದ ಗೋರಿಗಳನ್ನು ನೋಡಿ ಮುಗಿಸಲು. ಮೈಸೂರಿನಲ್ಲಿ ವರ್ಷವಿಡೀ ಕನ್ನಡ ಕಲಿತಿದ್ದಳು. ಬಂದವಳೇ ಅತ್ತೆಯನ್ನು, “ಚೆನ್ನಾಗಿದ್ದೀರಾ ಅವ್ವ, ಮಂಡಿ ನೋವು ಕಮ್ಮಿ ಆಯ್ತಾ?” ಎಂದು ಕೇಳಿದಳು. ಅತ್ತೆ ಅವಳ ಕೆನ್ನೆ ಸವರಿ, ಯಾಕೋ ಒಳಗೆ ಹೋಗಿಬಿಟ್ಟರು.

ಕಟ್ಟು ಬೀಳುವ ಬೆಳಗ್ಗೆ ಸಣ್ಣಸ್ವಾಮಣ್ಣನ ಕೂಗು ಬೀದಿಯ ತುದಿಯಿಂದ ಕೇಳಿಸಿತು. ಸಾರುವವನಿಗೆ ಪ್ರತಿ ಮನೆಯವರೂ ನೀರು ಬೆಲ್ಲ ಕೊಡುವುದು ವಾಡಿಕೆ. ನಾನು ಕೊಡುತ್ತೇನೆ ಎಂದು ಇನೆಸ್ ಚೊಂಬು ಹಿಡಿದು ಅಂಗಳಕ್ಕೆ ಓಡಿದಳು. ಅವನು ನಮ್ಮ ಮನೆಯ ಮುಂದೆ ಬಂದು ನಿಂತ. ಅವಳನ್ನು ನೋಡಿದ. ಹೆಗಲ ಮೇಲಿನ ಕಂಬಳಿ ಜಾರಿತು. ಎತ್ತಿ ಹಾಕಿಕೊಂಡ.

“ಕೇಳ್ರಪ್ಪೋ ಕೇಳಿ! ಇವತ್ನಿಂದ ಊರಿಗೆ ಕಟ್ಟು! ಹಸಿ ಮರ ಕಡೀಬಾರ್ದು, ನೆಲ ಅಗೀಬಾರ್ದು, ಒಗ್ಗರಣೆ ಹಾಕ್ಬಾರ್ದು! ಹೊರಗ್ನೋರು ಕಟ್ಟು ಮುರುದ್ರು... ಹೊರಗ್ನೋರ್ನ ಗುಡ್ಡಕ್ಕೆ ಕರ್ಕೊಂಡ್ ಹೋಗ್ಬಾರ್ದು!”

ಇನೆಸ್ ಚೊಂಬು ಹಿಡಿದೇ ನಿಂತಿದ್ದಳು. ನಿಧಾನವಾಗಿ, ಪದ ಪದ ಜೋಡಿಸಿ ಕೇಳಿದಳು.

“ಹೊರಗಿನವರು ಅಂದ್ರೆ ನಾನು, ಅಲ್ವಾ ಅಜ್ಜ? ನಾನು ಏನು ಮುರಿದೆ?”

ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು.

“ನೀನಲ್ಲ ಮಗ” ಎಂದ ಸಣ್ಣಸ್ವಾಮಣ್ಣ. ಆಮೇಲೆ ಸಾರುವ ದನಿಯಲ್ಲೇ, ಬೀದಿಗೆಲ್ಲ ಕೇಳುವ ಹಾಗೆ, “ಕಡುದೋನು ನಾನು! ನಾನು ಕಡ್ದೆ!” ಎಂದು ಕೂಗಿದ.

ಅವಳ ಕೈಯಿಂದ ನೀರು ತೆಗೆದುಕೊಳ್ಳದೆ ಅವನು ನಂಜಪ್ಪನವರ ಮನೆಗೆ ನಡೆದ. ನಾವೆಲ್ಲ ಹಿಂದೆಯೇ ಹೋದೆವು. ಅವರು ಅಂಗಳದಲ್ಲಿ ಮೆಣಸು ಹರವುತ್ತಿದ್ದರು, ತಲೆ ಎತ್ತಲಿಲ್ಲ.

“ಯಜಮಾನ್ರೇ, ನಾನೇ ಕಡುದ್ದು.”

“ಗೊತ್ತು ಕಣೋ” ಎಂದರು ನಂಜಪ್ಪನವರು. “ಎಡಗೈ ಓರೆ. ಕೆಂಪಣ್ಣ ಬಂದು ಹೇಳ್ದ, ಹೋಗಿ ನೋಡ್ದೆ. ಊರಿಗೆಲ್ಲ ಗೊತ್ತು. ಆ ಮಗ ಅಂಥಾ ಕಡಿತ ಕಡೀತದಾ?”

ನಾನು ಅತ್ತೆಯ ಕಡೆ ತಿರುಗಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಕಡಿದವನು ಯಾರೆಂದು ತಿಳಿಯದೆ ಇದ್ದವಳು, ಹೋಗಿ ಆ ಕೊಂಬೆ ನೋಡದ ನಾನೊಬ್ಬಳೇ ಇರಬೇಕು.

“ಮತ್ಯಾಕೆ ಅವ್ಳಿಗೆ ನೀರು ಸುರ್ಸುದ್ರಿ?” ಸಣ್ಣಸ್ವಾಮಣ್ಣ ಕೇಳಿದ.

“ಕೊಡ ಎತ್ತುದಾಗ್ಲಾದ್ರೂ ನಿಲ್ಸಿ ಅಂತೀಯ ಅಂತ ಕಾಯ್ತಿದ್ದೋ.”

ಸಣ್ಣಸ್ವಾಮಣ್ಣ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ವರ್ಷವೆಲ್ಲ ಯಾರ ಕಣ್ಣು ತಪ್ಪಿಸಿ ನಡೆದನೋ ಅವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನ ನಾಚಿಕೆ ಆ ಹೊತ್ತಿಗೆ ನನಗೂ ಅಂಟಿಕೊಂಡಿತು. ಒಂದು ಸುಳ್ಳನ್ನು ಸುಳ್ಳೆಂದು ತಿಳಿದೇ ಇಡೀ ಊರು ಸುತ್ತ ನಿಂತು, ನಗುತ್ತಿದ್ದ ಹುಡುಗಿಯೊಬ್ಬಳನ್ನು ತಣ್ಣೀರಲ್ಲಿ ನೆನೆಸಿತ್ತು. ಅದಕ್ಕೆ ನಮ್ಮ ದೇವರು ಏನೆಂದುಕೊಂಡಿತೋ.

ಹೋದ ಸಲದ ನೀರು ಆಶೀರ್ವಾದವಲ್ಲ, ತಪ್ಪುಕಾಣಿಕೆ ಎಂದು ಮಧ್ಯಾಹ್ನ ನಾನೇ ಇನೆಸ್‌ಗೆ ಬಿಡಿಸಿ ಹೇಳಿದೆ. ಸಂಜೆ ಮತ್ತೆ ಕಟ್ಟೆಯ ಹತ್ತಿರ ಸೇರಿದೆವು. ಸಾರುವ ಹಕ್ಕು ಬೇರೆ ಮನೆಗೆ ಹೋಯಿತು. ಸಣ್ಣಸ್ವಾಮಣ್ಣ ಕಂಬಳಿ ಮಡಚಿ ದೇವರ ಮುಂದೆ ಇಟ್ಟ. ತಪ್ಪುಕಾಣಿಕೆಗೆ ಕಾಯಿ ಹಿಡಿದು ನಿಂತು, ಆ ಮಗನೇ ನನಗೆ ನೀರು ಸುರಿಯಲಿ ಎಂದು ಕೇಳಿಕೊಂಡ. ಎಲ್ಲರಿಗೂ ಅದು ಸರಿ ಎನ್ನಿಸಿತು. ಆಗಿದ್ದು ಅಲ್ಲಿಗೆ ಮುಗಿಯುತ್ತದೆ ಎನ್ನುವ ಆಸೆ ಎಲ್ಲರ ಮುಖದಲ್ಲೂ ಇತ್ತು.

ಇನೆಸ್ ತುಂಬಿದ ಕೊಡದ ಹತ್ತಿರ ಬಂದಳು. ಬಗ್ಗಿ ಕೈ ಹಾಕಿದಳು. ಎತ್ತಲಿಲ್ಲ.

“ಅಜ್ಜ, ನನಗೆ ನೀರು ಸುರಿದ ಆ ಫೋಟೋ ನಮ್ಮ ಅಮ್ಮ ದೊಡ್ಡದು ಮಾಡಿಸಿದ್ದಾಳೆ. ಮನೇಲಿ ಗೋಡೆ ಮೇಲೆ ಇದೆ. ಬಂದವರಿಗೆಲ್ಲ ತೋರಿಸ್ತಾಳೆ, ಇಂಡಿಯಾದಲ್ಲಿ ಒಂದು ಊರು ನನ್ನ ಮಗಳಿಗೆ ಆಶೀರ್ವಾದ ಮಾಡಿದೆ ಅಂತ. ಅಮ್ಮನಿಗೆ ನಾನು ಏನು ಹೇಳಲಿ?”

ನಂಜಪ್ಪನವರು ಮುಖ ತಿರುಗಿಸಿಕೊಂಡರು. ಅವಳು ಕೊಡವನ್ನು ಅಲ್ಲೇ ಬಿಟ್ಟು ನಮ್ಮ ಮನೆಯ ಕಡೆ ನಡೆದಳು. ಅತ್ತೆ ಕುಂಟುತ್ತಾ ಅವಳ ಹಿಂದೆ ಹೋದರು.

ಸಣ್ಣಸ್ವಾಮಣ್ಣ ಕಾಯಿಯನ್ನು ಕೆಳಗಿಟ್ಟ. ಕೊಡವನ್ನು ತಾನೇ ಎತ್ತಿ ತಲೆಯ ಮೇಲೆ ಸುರಿದುಕೊಂಡ. ನಾವು ಯಾರೂ ಅವನ ಮುಖ ನೋಡಲಿಲ್ಲ.