ಕೆನೆ ಹಾಕಿ ನಾದಿದ ರೊಟ್ಟಿ

ನಮ್ಮ ಲ್ಯಾಬಿನಲ್ಲಿ ಆಹಾರದ ಕ್ಯಾಲೊರಿ ಅಳೆಯುವಾಗ ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಪದಾರ್ಥವನ್ನು ಒಣಗಿಸಿ, ಪುಡಿ ಮಾಡಿ, ಗುಳಿಗೆಯಂತೆ ಒತ್ತಿ ದಪ್ಪ ಉಕ್ಕಿನ ಡಬ್ಬಿಯೊಳಗೆ ಇಡುತ್ತೇವೆ. ಆಮ್ಲಜನಕ ತುಂಬಿ, ಮುಚ್ಚಳ ಬಿಗಿದು, ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಿ ಗುಂಡಿ ಒತ್ತಿದರೆ ಒಳಗಿನದು ಸುಟ್ಟುಹೋಗುತ್ತದೆ. ಸುತ್ತಲಿನ ನೀರು ಎಷ್ಟು ಬಿಸಿಯಾಯಿತು ಎಂಬುದರ ಮೇಲೆ ಲೆಕ್ಕ. ಹೊರಗಿನ ಗಾಳಿ ಸೋಕಿದರೆ ಲೆಕ್ಕ ಕೆಡುತ್ತದೆ. ವಿಜಯಪುರದ ಬಿರುಬಿಸಿಲಿನಲ್ಲಿ, ಗಾಂಧಿ ಚೌಕದ ಹಿಂದಿನ ಓಣಿಯ ಎರಡನೇ ಮಹಡಿಯಲ್ಲಿ, ಬಾಗಿಲು ಹಾಕಿಕೊಂಡು ಎಂಟು ವರ್ಷದಿಂದ ನಾನು ಬೇಯುತ್ತಿದ್ದೇನೆ.

ಒಂದು ಬೇಸಿಗೆಯಲ್ಲಿ ಅಕ್ಕ ನಿಡೋಣಿಯಿಂದ ಬಸ್ಸು ಹತ್ತಿ ಖಡಕ್ ರೊಟ್ಟಿ ತಂದಳು. ಅವಳೂ ಊರಿನ ಒಂಬತ್ತು ಹೆಂಗಸರೂ ಸೇರಿ ಬಡಿದ ಜೋಳದ ರೊಟ್ಟಿ. ಚೌಕದ ಅಂಗಡಿಯವರೊಬ್ಬರು, ಕ್ಯಾಲೊರಿ ಅಳೆಸಿಕೊಂಡು ಬನ್ನಿ, ಸರಿಹೋದರೆ ವಾರ ವಾರ ಒಯ್ಯುತ್ತೇನೆ ಎಂದಿದ್ದರು. ಅವರು ಲ್ಯಾಬಿಗೆ ಕಳಿಸಿದ ಅರ್ಜಿಯಲ್ಲಿ ಮಾತ್ರ, ತೂಕ ಇಳಿಸುವವರಿಗೆ ಮಾರುವ ಸಲುವಾಗಿ ಕಡಿಮೆ ಇರಬೇಕು ಎಂದು ಬರೆದಿತ್ತು. ಅಕ್ಕನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ರಕ್ತಸಂಬಂಧಿಗಳು ತಂದದ್ದನ್ನು ನಾವು ಪರೀಕ್ಷೆ ಮಾಡುವಂತಿಲ್ಲ ಎಂಬುದು ನಮ್ಮಲ್ಲಿಯ ನಿಯಮ. ಆದರೆ ನನ್ನ ಜೊತೆ ಪರೀಕ್ಷೆ ಮಾಡುವವಳು ರಜೆಯಲ್ಲಿದ್ದಳು, ಅಕ್ಕ ನಿನ್ನ ಕೈಯಿಂದಲೇ ಆಗಲಿ ಎಂದು ಹಟ ಹಿಡಿದಳು. ಲ್ಯಾಬಿನ ಸಾಹೇಬರು ಯಾರಿವರು ಎಂದು ಕೇಳಿದಾಗ, ನಿಡೋಣಿಯವರಂತೆ ಎಂದುಬಿಟ್ಟೆ. ಅಕ್ಕ ಸೆರಗು ಬಾಯಿಗೆ ಹಿಡಿದು ನಗು ತಡೆದಳು, ನಮ್ಮಿಬ್ಬರ ಆಟವೆಂಬಂತೆ.

ಮೊದಲ ಸಲ ಲೆಕ್ಕ ವಿಪರೀತ ಹೆಚ್ಚು ಬಂತು. ಜೋಳದ ರೊಟ್ಟಿಗೆ ಅಷ್ಟು ಬರುವುದೇ ಇಲ್ಲ. ಯಂತ್ರವನ್ನೇ ಬೈದುಕೊಂಡು, ಬೆವರು ಒರೆಸಿಕೊಂಡು ಮತ್ತೆರಡು ಸಲ ಸುಟ್ಟೆ. ಅಷ್ಟೇ ಬಂತು. ಹೊರಗೆ ಬಂದು, ಹಿಟ್ಟಿಗೆ ಏನು ಹಾಕಿದ್ದೆ ಎಂದು ಮೆಲ್ಲಗೆ ಕೇಳಿದೆ.

"ಹಾಲಾಗ ನಾದೀನಿ, ಮ್ಯಾಲ ಕೆನಿ ಹಾಕೀನಿ," ಎಂದಳು. "ಪರೀಕ್ಷಾಕ್ಕ ಕಳಸೂದು, ಒಣಾ ರೊಟ್ಟಿ ಹೆಂಗ ಕಳಸ್ಲಿ? ನಮ್ಮ ರೊಟ್ಟ್ಯಾಗ ಶಕ್ತಿ ಇಲ್ಲ ಅನ್ನಬಾರದು ಯಾರೂ."

ಮಾರುವ ರೊಟ್ಟಿಗೆ ಬರೀ ಬಿಸಿನೀರು. ಪರೀಕ್ಷೆಗೆ ಕಳಿಸುವ ರೊಟ್ಟಿಗೆ, ಬೀಗರ ಮನೆಗೆ ಬುತ್ತಿ ಕಟ್ಟುವಂತೆ, ಕೆನೆ. ನಮ್ಮ ಮನೆಯ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು, ಬಹುಶಃ ನಾನೂ.

ಈ ಸ್ಯಾಂಪಲ್ ಸರಿಯಿಲ್ಲ ಎಂದು ಸಾಹೇಬರಿಗೆ ಹೇಳಬಹುದಿತ್ತು. ನಿನಗೆ ಹೇಗೆ ಗೊತ್ತು ಎಂದರೆ ನಮ್ಮ ಸಂಬಂಧ ಹೊರಬೀಳುತ್ತಿತ್ತು. ಅಂಕಿ ತಿದ್ದಲು ಕೈ ಬರಲಿಲ್ಲ, ಬಾಯಿ ಬಿಡಲು ಧೈರ್ಯ ಬರಲಿಲ್ಲ. ಅಕ್ಕನಿಗಾದರೂ ಹೇಳಬಹುದಿತ್ತು, ಅವಳು ಅಲ್ಲೇ ದೊಡ್ಡ ದನಿ ತೆಗೆದರೆ ಎಂದು ಹೆದರಿದೆ. ಕಂಡ ಅಂಕಿ ಬರೆದು ಸಹಿ ಮಾಡಿದೆ. ಹೆಚ್ಚು ಬಂದಿದೆ ಎಂದಾಗ ಅಕ್ಕ ಕುಣಿಯುತ್ತ ಮೆಟ್ಟಿಲಿಳಿದಳು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಅಂಗಡಿಯವರು ಆರ್ಡರ್ ಕೊಡಲಿಲ್ಲ. ರಿಪೋರ್ಟು ಸರಿ ಬಂದಿಲ್ಲ ಎಂದಷ್ಟೇ ಫೋನಿನಲ್ಲಿ ಹೇಳಿದರಂತೆ. ಅಕ್ಕ ಕೇಳಿದಾಗಲೆಲ್ಲ ವಿಚಾರಿಸುತ್ತೇನೆ ಎಂದು ಮಾತು ತೇಲಿಸುತ್ತಿದ್ದೆ. ಆಮೇಲೆ ಅವಳ ಫೋನು ಎತ್ತುವುದನ್ನೇ ಬಿಟ್ಟೆ.

ತಿಂಗಳು ಕಳೆದ ಮೇಲೆ, ಹೇಳದೆ ಕೇಳದೆ ಅಕ್ಕ ಮತ್ತೊಂದು ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೊರಗಿದ್ದಳು. ಅಂಗಡಿಯವರ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ ಇನ್ನೊಂದು ಅವಕಾಶ ಕೇಳಿಕೊಂಡಿದ್ದಳು.

"ಹ್ವಾದ ಸಲ ಕೆನಿ ಕಡಿಮಿ ಬಿತ್ತು ಕಾಣತೈತಿ," ಎಂದಳು. "ಈ ಸಲ ಬೆಣ್ಣಿ ಹಾಕೀನಿ."

ಪೊಟ್ಟಣದ ಕಾಗದದ ಮೇಲೆ ಜಿಡ್ಡು ಮೂಡಿತ್ತು. ಸಾಹೇಬರು ತಲೆ ಎತ್ತಿ, ಇವರು ಆ ನಿಡೋಣಿಯವರಲ್ಲವೇ ಎಂದರು.

"ನಮ್ಮ ಅಕ್ಕರಿ ಸರ್," ಎಂದೆ. "ಹ್ವಾದ ಸಲನೂ ಇಕಿನ ಬಂದಿದ್ದಳ್ರಿ. ನಾನ ಸುಳ್ಳ ಹೇಳಿದ್ದೆ."

ಅವರು ಪೆನ್ನು ಕೆಳಗಿಟ್ಟರು. ನಾನು ಅಕ್ಕನ ಕಡೆ ತಿರುಗಿ, ಕಡಿಮೆ ಬಂದರೆ ಮಾತ್ರ ಅಂಗಡಿಯವರು ಒಯ್ಯುತ್ತಿದ್ದರು, ಕೆನೆಯೇ ಕೆಡಿಸಿದ್ದು ಎಂದು ಬಿಡಿಸಿ ಹೇಳಿದೆ. ಅಕ್ಕ ಪೊಟ್ಟಣವನ್ನು ಸೆರಗಿನಡಿ ಸರಿಸಿಕೊಂಡಳು.

"ಆವತ್ತ ಗೊತ್ತಿತ್ತ ನಿನಗ?"

ಗೊತ್ತಿತ್ತು ಎಂದೆ.

"ಎಲ್ಲಾರೂ ಬಂದಾರ, ಕೆಳಗ ಮೆಟ್ಟಲ ಮ್ಯಾಲ ಕುಂತಾರ. ನಾ ಹೇಳಾಂಗಿಲ್ಲ. ನೀನ ಬಂದ ಹೇಳು."

ಸಾಹೇಬರ ಅಪ್ಪಣೆಗೂ ಕಾಯದೆ ಅವಳ ಹಿಂದೆ ಇಳಿದೆ. ಓಣಿಯ ನೆರಳಿನಲ್ಲಿ, ಕೆಳಗಿನ ಮೆಟ್ಟಿಲುಗಳ ಮೇಲೆ, ಆ ಒಂಬತ್ತು ಹೆಂಗಸರು ಸಾಲಾಗಿ ಕೂತಿದ್ದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅಕ್ಕನ ತಂಗಿ ಬಂದಳೆಂದು ನಗುತ್ತ, ಜರುಗಿ, ನನಗೆ ಕೂರಲು ಜಾಗ ಮಾಡಿದರು.