ಹಿಂದಿನ ರೂಮಿಗೆ ಬಾರದ ಗಾಳಿ

ಇದನ್ನು ಹೋದ ಬೇಸಿಗೆಯಲ್ಲೇ ಈ ಅಂಕಣದಲ್ಲಿ ಬರೆಯಬೇಕಿತ್ತು. ಬರೆಯೋಣ ಅಂತ ಪ್ರತಿ ವಾರ ಕೂತೆ, ಪ್ರತಿ ವಾರ ಬೇರೇನೋ ಬರೆದೆ. ಫುಟ್‌ಪಾತ್ ಬಗ್ಗೆ ಬರೆದೆ. ಮಾಗಡಿ ರೋಡಿನ ಟ್ರಾಫಿಕ್ ಬಗ್ಗೆ ಬರೆದೆ. ಅವರೆಕಾಯಿ ಬಗ್ಗೆ ಎರಡು ಸಲ ಬರೆದೆ. (ಓದುಗರೊಬ್ಬರು ಫೋನ್ ಮಾಡಿ, "ಸಾರ್, ಅವರೆಕಾಯಿ ಸಾಕು" ಅಂದರು.) ತಪ್ಪಿಸಿಕೊಳ್ಳುವವನಿಗೆ ವಿಷಯಕ್ಕೇನು ಬರ?

ವಿಷಯ ಇಷ್ಟೇ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಒಂದು ರೂಮು ತಣ್ಣಗಾಗುತ್ತಿರಲಿಲ್ಲ.

ನಮ್ಮದು ಸೆಂಟ್ರಲ್ ಎಸಿ. ಟೆರೇಸಿನ ಮೇಲೆ ಒಂದೇ ಮೆಷಿನ್. ಅಲ್ಲಿಂದ ಫಾಲ್ಸ್ ಸೀಲಿಂಗಿನೊಳಗೆ ತಗಡಿನ ಕೊಳವೆಗಳು, ಮರದ ಕೊಂಬೆಯ ಹಾಗೆ ಕವಲೊಡೆದು ರೂಮು ರೂಮಿಗೂ ಹೋಗುತ್ತವೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ಹಾರ್ಡ್‌ವೇರ್ ಅಂಗಡಿ ಇಟ್ಟ ನನ್ನಂಥವನು ಇಂಥ ಮನೆ ಯಾಕೆ ಕಟ್ಟಿಸಿದ? ಇನ್ಯಾಕೆ, ನಾಲ್ಕು ಜನ ನೋಡಲಿ ಅಂತ. ಮಗ-ಸೊಸೆಯ ರೂಮಿನಲ್ಲಿ ಏಪ್ರಿಲ್ ತಿಂಗಳಲ್ಲೂ ಕಂಬಳಿ ಬೇಕು. ದೇವರ ಮನೆಗೆ ಅಂಟಿಕೊಂಡ ಹಿಂದಿನ ರೂಮಿನಲ್ಲಿ ಮಾತ್ರ ಹಪ್ಪಳ ಒಣಗಿಸಬಹುದಿತ್ತು.

ಆ ರೂಮು ಖಾಲಿ ಬಿದ್ದಿತ್ತು. ಅಲ್ಲಿ ಹೊಲಿಗೆ ಕ್ಲಾಸ್ ಶುರು ಮಾಡುತ್ತೇನೆ ಅಂತ ಸೊಸೆ ಸವಿತಾ ಹೊರಟಳು. ರಿಪೇರಿಯವರು ಬರತೊಡಗಿದರು. ಮೊದಲು ಬಂದವನು ಗ್ಯಾಸ್ ಕಮ್ಮಿ ಅಂದ, ತುಂಬಿಸಿ ಹೋದ. ಎರಡನೆಯವನು ಬಿಸಿಲು ಗೋಡೆಗೆ ಹೊಡೆಯುತ್ತೆ, ಬಣ್ಣ ಬದಲಾಯಿಸಿ ಅಂದ. ಮೂರನೆಯವನು ಗದಗದ ಕಡೆಯ ಹುಡುಗ. ಟೆರೇಸಿಗೆ ಹೋಗಿ ಬಂದು, "ಮೆಷಿನ್ನೇ ಸಣ್ಣದೈತ್ರಿ ಅಕ್ಕಾರ, ದೊಡ್ಡದು ಹಾಕಿಸಿಬಿಡ್ರಿ" ಅಂದ.

"ಎಲ್ಲಾ ರೂಮಿಗೂ ಸಾಕಾಗೋ ಮೆಷಿನ್ನು ಇದೊಂದಕ್ಕೆ ಹೆಂಗೆ ಸಣ್ಣದಾಗುತ್ತೆ?" ಅಂತ ಸವಿತಾ ಜೋರು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಮನೆ ಕಟ್ಟಿಸಿದೋರು ನೀವು. ನಿಮಗೇನಾದ್ರೂ ಗೊತ್ತಾ ಮಾವ?"

"ನನಗೇನಮ್ಮ ಗೊತ್ತು, ಮೊಳೆ ಮಾರಿದವನು" ಅಂದು ಪೇಪರ್ ಅಡ್ಡ ಹಿಡಿದೆ.

ಗೊತ್ತಿತ್ತು. ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಮನೆ ಕಟ್ಟುವಾಗ ನಾನೊಂದು ಹುಚ್ಚುತನ ಮಾಡಿದ್ದೆ. ದೇವರ ಮನೆಗೂ ಎಸಿ ಬಾಯಿ ಇಡಿಸಿದ್ದೆ. ಬಂದವರಿಗೆಲ್ಲ "ನಮ್ಮನೇಲಿ ದೇವರಿಗೂ ಎಸಿ" ಅಂತ ಹೇಳಿಕೊಳ್ಳಬೇಕಲ್ಲ! ಗೃಹಪ್ರವೇಶದ ಹಿಂದಿನ ದಿನ ಮೆಷಿನ್ ಹಾಕಿದೆವು. ನಂದಾದೀಪ ಆರಿತು. ಹಚ್ಚಿದೆವು. ಮತ್ತೆ ಆರಿತು. ಪುರೋಹಿತರು ಮುಖ ಸಣ್ಣದು ಮಾಡಿದರು.

ಎಸಿ ಕೂರಿಸಿದ ಮೇಸ್ತ್ರಿ ಅಲ್ಲೇ ಇದ್ದ. ದೇವರ ಮನೆಗೂ ಹಿಂದಿನ ರೂಮಿಗೂ ಒಂದೇ ಕವಲು, ಆ ಕವಲಿನ ಬುಡದಲ್ಲಿ ಗಾಳಿ ತಡೆಯುವ ತಗಡಿನ ಮುಚ್ಚಳ ಇದೆ ಅಂತ ಹೇಳಿದ. "ಇದನ್ನ ಮುಚ್ಚಿದ್ರೆ ಹಿಂದಿನ ರೂಮಿಗೂ ಗಾಳಿ ಹೋಗಲ್ಲ ಸಾರ್. ನಾಳಿದ್ದು ತಗಡು ಕತ್ತರಿಸ್ಕೊಂಡು ಬರ್ತೀನಿ, ದೇವರ ಮನೆ ಬಾಯಿ ಒಂದನ್ನೇ ಮುಚ್ಚೋಣ."

"ನಾಳೆ ಬೆಳಿಗ್ಗೆ ನೆಂಟರು ಬರ್ತಾರೆ, ನಾಳಿದ್ದು ಅಂತೀಯಲ್ಲಪ್ಪ! ಈಗ ಮುಚ್ಚು" ಅಂದೆ. "ಹಿಂದಿನ ರೂಮು ನಮ್ಮಕ್ಕಂದು. ಅವಳಿಗೆ ಎಸಿ ಅಭ್ಯಾಸ ಇಲ್ಲ."

ಮುಚ್ಚಿದ. ನಾನು ಅವನನ್ನು ಮತ್ತೆ ಕರೆಯಲಿಲ್ಲ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ಅಮ್ಮ ಹೊಲಕ್ಕೆ ಹೋದರೆ ನನ್ನನ್ನು ನೋಡಿಕೊಂಡವಳೂ ಅವಳೇ. ನನಗೆ ಸಿಡುಬು ಎದ್ದಾಗ ಬೇವಿನ ಸೊಪ್ಪು ಹಿಡಿದು ಮೈಗೆ ಗಾಳಿ ಹಾಕುತ್ತಾ ಕೂತಿದ್ದಳು. ತುರಿಸಿಕೊಳ್ಳಲು ಕೈ ಎತ್ತಿದರೆ ಅದೇ ಸೊಪ್ಪಿನಿಂದ ಮೆಲ್ಲಗೆ ಒಂದೇಟು. ಆ ಕಹಿ ವಾಸನೆ ಈಗಲೂ ಬೇಕು ಅನ್ನಿಸುತ್ತದೆ. ಬೇವಿನ ಮರ ದಾಟುವಾಗ ಎಲೆ ಕಿತ್ತು ಹಿಸುಕುತ್ತೇನೆ. ಅದೇ ವಾಸನೆ, ಆದರೆ ಗಾಳಿ ಹಾಕುವ ಕೈ ಎಲ್ಲಿ?

ಹೊಸ ಮನೆಯ ಮೊದಲ ಬೇಸಿಗೆಯಲ್ಲಿ ಅಕ್ಕ ಹೇಳಿದಳು, "ಆ ರೂಮಲ್ಲಿ ಉಸಿರು ಕಟ್ಟುತ್ತೆ ಕಣೋ." ನೋಡೋಣ ಅಂದೆ. ಇನ್ನೊಂದು ಸಲ ಬೀಗರು ಬಂದು ಕೂತಿದ್ದಾಗ ಹೇಳಿದಳು. ಮನೆಯಲ್ಲಿ ಕುಂದು ಇದೆ ಅಂತ ಬೀಗರ ಎದುರು ಹೇಳುತ್ತಾಳಲ್ಲ ಅಂತ ನನಗೆ ಉರಿಯಿತು.

"ಒಲೆ ಮುಂದೆ ಬೆಳೆದವಳು ನೀನು, ಈಗ ಸೆಕೆನಾ? ಮಹಾರಾಣಿ ಆಗಿಬಿಟ್ಟೆ ಬಿಡು!" ಅಂದೆ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಆಮೇಲೆ ಒಂದು ದಿನವೂ ಸೆಕೆ ಅನ್ನಲಿಲ್ಲ. ದಿನಾ ಬೆಳಿಗ್ಗೆ ದೇವರ ಮನೆಗೆ ಹೋಗಿ ನಂದಾದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಯಾವ ದೀಪಕ್ಕೋಸ್ಕರ ಅವಳ ಗಾಳಿ ನಿಲ್ಲಿಸಿದ್ದೆನೋ, ಅದೇ ದೀಪಕ್ಕೆ! ಮುಂದಿನ ಶಿವರಾತ್ರಿ ಕಳೆದ ಮೇಲೆ ಬ್ಯಾಡರಹಳ್ಳಿಯಲ್ಲಿರುವ ತನ್ನ ನಾದಿನಿಯ ಮನೆಗೆ ಹೊರಟಳು. "ಅಲ್ಲಿ ಗಾಳಿ ಚೆನ್ನಾಗಿದೆ ಕಣೋ" ಅಂದಳು. ಅಷ್ಟೇ. ಆಟೋ ಹತ್ತಿಸಿ ಬಂದು ನಾನು ಹಾಲ್‌ನಲ್ಲಿ ತಣ್ಣಗೆ ಕೂತೆ.

ಗದಗದ ಹುಡುಗ ಬಂದ ದಿನ ಸವಿತಾ ರೂಮು ಗುಡಿಸುತ್ತಿದ್ದಳು. ಮಂಚದ ಹಾಸಿಗೆ ಎತ್ತಿದಾಗ ಒಂದು ಕಾರ್ಡ್ ಸಿಕ್ಕಿತು. ನಮ್ಮ ಗೃಹಪ್ರವೇಶದ ಆಹ್ವಾನ ಪತ್ರಿಕೆ. ಒಂದು ತುದಿ ಹಿಡಿದು ಹಿಡಿದು ಬಟ್ಟೆಯಂತೆ ಮೆತ್ತಗಾಗಿತ್ತು. ಇನ್ನೊಂದು ತುದಿ ಬೀಸಿ ಬೀಸಿ ಬಾಗಿತ್ತು.

ಸವಿತಾ ಅದನ್ನು ನನ್ನ ಕೈಗೆ ಕೊಟ್ಟು, "ದೊಡ್ಡತ್ತೆ ಬೀಸಣಿಗೆ" ಅಂದಳು.

ತಿರುಗಿಸಿ ನೋಡಿದೆ. ನನ್ನ ಹೆಸರು ಚಿನ್ನದ ಬಣ್ಣದಲ್ಲಿ. ಕೆಳಗೆ ಸುಖಾಗಮನ ಬಯಸುವವರು: ತಮ್ಮಂದಿರು, ಭಾವಮೈದ, ಅಂಬೆಗಾಲಿಡುತ್ತಿದ್ದ ಮೊಮ್ಮಗ, ಎಲ್ಲರೂ. ಅಕ್ಕ ಇಲ್ಲ. ಗಂಡ ಇಲ್ಲದವಳ ಹೆಸರು ಶುಭಪತ್ರಿಕೆಗೆ ಬೇಡ ಅಂತ ಯಾರೋ ಅಂದಿದ್ದರು. ಸರಿ ಅಂದವನು ನಾನು. ತನ್ನ ಹೆಸರಿಲ್ಲದ ಕಾರ್ಡಿನಿಂದ ಒಂದಿಡೀ ಬೇಸಿಗೆ ಗಾಳಿ ಹಾಕಿಕೊಂಡಿದ್ದಾಳೆ.

ಬೂಟು ಹಾಕಿಕೊಳ್ಳುತ್ತಿದ್ದ ಹುಡುಗನನ್ನು ನಿಲ್ಲಿಸಿದೆ. "ಏಣಿ ತಗೊಂಡು ಬಾಪ್ಪ. ದೇವರ ಮನೆ ಮುಂದೆ ಸೀಲಿಂಗ್ ಬಿಚ್ಚು. ಒಳಗೊಂದು ಮುಚ್ಚಳ ಇದೆ. ನಾನೇ ಮುಚ್ಚಿಸಿದ್ದು."

"ಮೊದಲಾ ಹೇಳಬಾರ್ದೇನ್ರಿ ಅಜ್ಜಾರ!" ಅಂದ.

ಸವಿತಾ ಬೈಯಲಿಲ್ಲ. "ಹಾಗಾದ್ರೆ ದೊಡ್ಡತ್ತೆ ಹೇಳಿದ್ದು ನಿಜ ಅಲ್ವಾ ಮಾವ?" ಅಂದಳು. ಬೈದಿದ್ದರೆ ವಾಸಿಯಿತ್ತು.

ಹುಡುಗ ದೇವರ ಮನೆಯ ಬಾಯಿಗೆ ತಗಡು ಬಡಿದ, ಮುಚ್ಚಳ ತೆರೆದ. ಒಂದು ಟೀ ಆರುವಷ್ಟರಲ್ಲಿ ಎಲ್ಲಾ ಮುಗಿಯಿತು. ಹಿಂದಿನ ರೂಮಿಗೆ ಗಾಳಿ ಬಂತು. ಅಕ್ಕನ ಮಂಚದ ಮೇಲೆ ಕೂತೆ. ತಣ್ಣಗಿತ್ತು. ಕೂರಲಾಗಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಊಟ ಆಯ್ತೇನೋ?" ಅಂದಳು. ಯಾವಾಗಲೂ ಅವಳ ಮೊದಲ ಮಾತು ಅದೇ.

"ಅಕ್ಕ, ನಿನ್ನ ರೂಮು ತಣ್ಣಗಾಗಿದೆ. ಬಂದುಬಿಡು."

"ಹೌದಾ? ಏನಾಗಿತ್ತಂತೆ?"

ನಿಜ ನಾಲಿಗೆ ತುದಿಗೆ ಬಂದಿತ್ತು. "ಗ್ಯಾಸ್ ಕಮ್ಮಿಯಾಗಿತ್ತಂತೆ" ಅಂದುಬಿಟ್ಟೆ.

"ಒಳ್ಳೇದಾಯ್ತು. ಸವಿತಾಗೆ ಕೊಡು, ಪಾಪ" ಅಂದಳು. ಬರುತ್ತೇನೆ ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಹೊಲಿಗೆ ಕ್ಲಾಸ್ ಈಗ ಹಾಲ್‌ನಲ್ಲಿ ನಡೆಯುತ್ತಿದೆ. ಆ ಮಂಚಕ್ಕೆ ವಾರಕ್ಕೊಮ್ಮೆ ಹೊದಿಕೆ ಬದಲಾಯಿಸುತ್ತೇವೆ.

ಅಕ್ಕನಿಗೆ ಓದು ಬರುವುದಿಲ್ಲ. ನಾದಿನಿಯ ಮಗಳು ಲತಾ ಈ ಅಂಕಣವನ್ನು ವಾರವಾರ ಅವಳಿಗೆ ಓದಿ ಹೇಳುತ್ತಾಳೆ. (ಅವರೆಕಾಯಿ ಅಕ್ಕನಿಗೆ ತುಂಬಾ ಹಿಡಿಸಿತಂತೆ.) ಲತಾ, ಕೊನೆಯ ಸಾಲನ್ನು ಸ್ವಲ್ಪ ಗಟ್ಟಿಯಾಗಿ ಓದಮ್ಮ, ಅವಳಿಗೆ ಕಿವಿ ಮಂದ.

ಗ್ಯಾಸ್ ಅಲ್ಲಕ್ಕ, ನಿನ್ನ ಗಾಳಿ ಮುಚ್ಚಿಸಿದ್ದು ನಾನು. ಕಾರ್ಡಿನಿಂದ ನಿನ್ನ ಹೆಸರು ಬಿಡಿಸಿದ್ದೂ ನಾನೇ, ಹೊನ್ನಮ್ಮಕ್ಕ.