ನೂಲು ಓಡುವ ದಿಕ್ಕು

ಪೀಳಮೇಡಿನ ಕಾಲೇಜೊಂದರಲ್ಲಿ ನಾನು ಸಂಶೋಧನೆಗೆ ಸೇರಿ ಆಗ ಎರಡನೇ ವರ್ಷ. ದಾವಣಗೆರೆಯಿಂದ ಬಂದ ನನಗೆ ತಮಿಳು ಬಸ್ಸು ಹತ್ತುವಷ್ಟು, ಊಟ ಕೇಳುವಷ್ಟು ಮಾತ್ರ ಬರುತ್ತಿತ್ತು.

ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಟು ಕುಡಿಸಿ ಗಟ್ಟಿ ಮಾಡಿದ ಹಲಗೆಗಳ ಮೇಲೆ ನನ್ನ ಕೆಲಸ. ಇಂಥ ಹಲಗೆಗೆ ಪೆಟ್ಟು ಬಿದ್ದರೆ ಮೇಲೆ ಒಂದು ಗೀರೂ ಕಾಣದೆ ಒಳಗಿನ ಪದರಗಳು ಬಿಟ್ಟುಕೊಂಡಿರಬಹುದು. ಅದನ್ನು ಒಡೆಯದೆ ಕಂಡುಹಿಡಿಯಬೇಕು. ಅಂಗಿ ಗುಂಡಿಯಷ್ಟು ದೊಡ್ಡ ಸೆನ್ಸರ್‌ಗಳನ್ನು ಅಂಟಿಸಿ, ಒಂದರಿಂದ ಕಿವಿಗೆ ಕೇಳಿಸದ ಶಬ್ದದ ಅಲೆ ಕಳಿಸಿದರೆ ಅದು ಹಲಗೆಯೊಳಗೇ ಸಾಗಿ ಉಳಿದ ಸೆನ್ಸರ್‌ಗಳನ್ನು ಮುಟ್ಟುತ್ತದೆ. ಪದರ ಬಿಟ್ಟ ಕಡೆ ಚದುರುತ್ತದೆ. ಪೆಟ್ಟಿಗೆ ಮುಂಚಿನ ಅಲೆಯನ್ನೂ ಆಮೇಲಿನದನ್ನೂ ಹೋಲಿಸಿದರೆ ಜಾಗ ಸಿಗುತ್ತದೆ.

ಕುರಿಚಿಯಲ್ಲಿ ಗಾಳಿಯಂತ್ರಗಳ ಮೂತಿಗೆ ಮುಚ್ಚಳ ಮಾಡುವ ಸಣ್ಣ ವರ್ಕ್‌ಶಾಪಿತ್ತು. ಅದರ ಮಾಲೀಕರು ಬಾಗಿಲಷ್ಟು ದೊಡ್ಡ ಒಂದು ಭಾಗಕ್ಕೆ ಎಂಟು ಸೆನ್ಸರ್ ಅಂಟಿಸಲು ಬಿಟ್ಟರು. ಲಾರಿ ಹತ್ತುವ ಮುನ್ನ ಕಿತ್ತುಕೊಳ್ಳಬೇಕು ಎಂಬುದೊಂದೇ ಅವರ ಷರತ್ತು.

ಅಲ್ಲಿ ಬಟ್ಟೆ ಹಾಸುವ ಕೆಲಸ ಐವತ್ತು ದಾಟಿದ ಒಬ್ಬ ಹೆಂಗಸಿನದು. ಮೊದಲ ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಾಗ ಕತ್ತರಿ ಕೆಳಗಿಟ್ಟು ಬಂದರು.

"ಏನ್ ಕಣ್ಣು, ನಮ್ ಮಾತು ಆಡ್ತೀಯಾ? ಯಾವ ಊರು?"

'ಕಣ್ಣು' ಅಂದರೆ ಈ ಕಡೆ 'ಮಗು' ಅಂದ ಹಾಗೆ. ಊರು ಹೇಳಿದೆ. ಅವರದು ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ನೇಕಾರರ ಮನೆ. "ಮನೇಲಿ ಮಾತ್ರ ಈ ಮಾತು. ಆಚೆ ಕಾಲಿಟ್ರೆ ಎಲ್ಲಾ ತಮಿಳೇ," ಅಂದರು. ಅಂದಿನಿಂದ ಅವರು ನನಗೆ ಅಕ್ಕ, ಮಾಲೀಕರಿಗೂ ನನಗೂ ನಡುವಿನ ದುಭಾಷಿ.

ಒಂದು ಶನಿವಾರ ಹೋದಾಗ ಎಲ್ಲರ ಮುಖ ಸಣ್ಣಗಾಗಿತ್ತು. ಆ ಭಾಗವನ್ನು ಸರಿಸುವಾಗ ಕೈಜಾರಿ ಕೆಳಗಿದ್ದ ಕಬ್ಬಿಣದ ಸಾಮಾನುಗಳ ಮೇಲೆ ಬಿದ್ದಿತ್ತು. ಎಲ್ಲಿ ತಾಗಿತೆಂದು ಯಾರೂ ನೋಡಿರಲಿಲ್ಲ. ಬಣ್ಣದ ಮೇಲೆ ಗುರುತಿಲ್ಲ. ಮಾಲೀಕರು ನಾಣ್ಯದಿಂದ ಉದ್ದಕ್ಕೂ ತಟ್ಟಿ ನೋಡಿದ್ದರು. ಸದ್ದು ಎಲ್ಲೆಡೆ ಒಂದೇ ಥರ ಕೇಳಿಸಿತ್ತು.

ನನಗೆ ಒಳಗೊಳಗೇ ಖುಷಿ, ಅದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಬೀಳುವ ಮುಂಚಿನ ಅಲೆಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ಮತ್ತೆ ಅಳೆದೆ. ಕೆಲವು ಅಲೆಗಳು ಬದಲಾಗಿದ್ದವು. ಲೆಕ್ಕ ಹಾಕಿ, ಬಲ ಅಂಚಿನ ಹತ್ತಿರ ಮಾರ್ಕರ್‌ನಿಂದ ಒಂದು ಸುತ್ತು ಬರೆದೆ.

"ಪಾಕ್ಕಲಾಮ್ ಮ್ಯಾಡಮ್," ನೋಡೋಣ ಎಂದು ಮಾಲೀಕರು ಗ್ರೈಂಡರ್ ಹಿಡಿದರು. ಬಣ್ಣ ಹೋಯಿತು, ಒಂದು ಪದರ ಹೋಯಿತು, ಇನ್ನೊಂದೂ ಹೋಯಿತು. ಒಳಗೆಲ್ಲ ಗಾಜಿನಷ್ಟು ಶುದ್ಧ. ಪದರ ಬಿಟ್ಟಿದ್ದರೆ ಬೆಳ್ಳಗೆ ಕಾಣಬೇಕಿತ್ತು. ಚೆನ್ನಾಗಿದ್ದ ಜಾಗವನ್ನು ನಾನೇ ಹಾಳು ಮಾಡಿಸಿದ್ದೆ. ಮಾಲೀಕರು ಗ್ರೈಂಡರ್ ಕೆಳಗಿಟ್ಟು ಟೀ ತರಿಸಿದರು; ಬೈದಿದ್ದರೇ ವಾಸಿಯಿತ್ತು.

ಟೀ ಲೋಟ ಹಿಡಿದು ಅಕ್ಕ ಪಕ್ಕದಲ್ಲಿ ಕೂತರು. "ನಿನ್ನ ಅಲೆ ಹೆಂಗ್ ಹೋಗ್ತೈತೆ, ಹೇಳು."

"ಕೆರೆಗೆ ಕಲ್ಲು ಹಾಕಿದ ಹಾಗೆ ಅಕ್ಕಾ. ಸುತ್ತಲೂ ಒಂದೇ ವೇಗದಲ್ಲಿ."

"ನೂಲಿನ ಉದ್ದಕ್ಕೂ ಅಷ್ಟೇ, ಅಡ್ಡಕ್ಕೂ ಅಷ್ಟೇನಾ?"

"ಎರಡು ಕಡೆಯೂ ನೂಲು ಸಮ ಇದ್ದರೆ ಹೆಚ್ಚುಕಡಿಮೆ ಅಷ್ಟೇ. ಮಾಲೀಕರು ಕೊಟ್ಟ ಡ್ರಾಯಿಂಗಿನಲ್ಲಿ ಸಮ ಅಂತಲೇ ಇದೆ."

"ಅದು ಹಳೇ ಬಟ್ಟೆ. ಈಗಿಂದ್ರಲ್ಲಿ ಪಾವು ಕೈಬೆರಳಷ್ಟು ಅಗಲ, ಊಡೆ ಬರೀ ಹೊಲಿಗೆ ದಾರ ಅಷ್ಟೇ. ಇರು."

ಪಾವು ಅಂದರೆ ನಮ್ಮ ಹಾಸು, ಉದ್ದಕ್ಕಿರುವ ನೂಲು; ಊಡೆ ಅಂದರೆ ಹೊಕ್ಕು, ಅಡ್ಡಕ್ಕಿರುವುದು. ಅವರು ಒಳಗೆ ಹೋಗಿ ಬಟ್ಟೆಯ ಒಂದು ತುಂಡು ತಂದು ನನ್ನ ಮಡಿಲಲ್ಲಿ ಹಾಸಿದರು. ದಪ್ಪ ಬಿಳಿ ನೂಲೆಲ್ಲ ಒಂದೇ ದಿಕ್ಕಿಗೆ ಓಡಿತ್ತು. ಅಡ್ಡಕ್ಕೆ ಅದನ್ನು ಹಿಡಿದಿಡುವ ಸಣ್ಣ ದಾರ ಮಾತ್ರ. ಉದ್ದಕ್ಕೆ ಬಲ ಬೇಕೆಂದು ಮಾಲೀಕರೇ ಬಟ್ಟೆ ಬದಲಿಸಿದ್ದರು. ನನ್ನ ಕೈಯಲ್ಲಿದ್ದ ಡ್ರಾಯಿಂಗ್ ಅದಕ್ಕಿಂತ ಹಿಂದಿನದು.

ನೂಲಿನ ಉದ್ದಕ್ಕೆ ಅಲೆ ಬೇಗ ಓಡುತ್ತದೆ, ಅಡ್ಡಕ್ಕೆ ನಿಧಾನ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ. ಬಟ್ಟೆ ಯಾವುದು ಎಂದು ಮಾತ್ರ ಅದನ್ನು ಹಾಸಿದವರನ್ನೇ ಕೇಳಿರಲಿಲ್ಲ. ಪೆಟ್ಟಿನಿಂದ ದೂರವಿದ್ದ ಸೆನ್ಸರ್‌ಗಳ ಜೋಡಿಗಳಲ್ಲಿ ಅಲೆ ಬದಲಾಗಿರಲಿಲ್ಲ. ಅವುಗಳಿಂದ ಒಂದೊಂದು ದಿಕ್ಕಿನ ವೇಗ ತೆಗೆದು ಲೆಕ್ಕ ತಿದ್ದಿದೆ. ಸುತ್ತು ಒಂದು ಮೊಳಕ್ಕಿಂತ ಹೆಚ್ಚು ಎಡಕ್ಕೆ ಸರಿಯಿತು.

"ಇನ್ನೊಂದು ಸಲ ಉಜ್ಜಿ ಅಂತ ಅವರಿಗೆ ಹೇಗೆ ಹೇಳಲಿ ಅಕ್ಕಾ?"

"ನೀನೇನೂ ಹೇಳಬೇಡ. ನಾ ಹೇಳ್ತೀನಿ." ತಮಿಳಿನಲ್ಲಿ ಏನು ಹೇಳಿದರೋ, ಮಾಲೀಕರು ನಕ್ಕು ಮತ್ತೆ ಗ್ರೈಂಡರ್ ಕೈಗೆತ್ತಿಕೊಂಡರು. ಅಕ್ಕ ಹೇಳಿದ್ದು ಆಮೇಲೆ ತಿಳಿಯಿತು: ಹುಡುಗಿಯ ಲೆಕ್ಕ ಸರಿಯಾಗೇ ಇದೆ, ನಾವೇ ಬಟ್ಟೆ ತಪ್ಪು ಹೇಳಿದ್ದೆವು.

ಎರಡನೇ ಪದರ ಸವೆಯುವಾಗ ಹಾಲಿನ ಕಲೆಯಂಥದ್ದು ಕಾಣಿಸಿತು. ಇನ್ನೂ ಉಜ್ಜಿದಂತೆ ಅಂಗೈಯಷ್ಟು ಅಗಲವಾಯಿತು. ಮಾಲೀಕರು ಉಗುರು ತೂರಿಸಿದರು. ಪದರ ಹಪ್ಪಳದಂತೆ ಎದ್ದು ಬಂತು. ಅವರು ಗ್ರೈಂಡರ್ ಆರಿಸಿ, ಮೊದಲು ನನ್ನನ್ನೂ ಆಮೇಲೆ ಅಕ್ಕನನ್ನೂ ನೋಡಿ ತಲೆ ಆಡಿಸಿದರು. ಅಕ್ಕ ಆಗಲೇ ತೇಪೆಗೆ ಬಟ್ಟೆ ಕತ್ತರಿಸಲು ಹೊರಟಿದ್ದರು.

ಎರಡು ಜಾಗಕ್ಕೂ ತೇಪೆ ಬಿತ್ತು. ವಾರದ ನಂತರ ಮತ್ತೆ ಅಳೆದಾಗ ಅಲೆ ಸರಾಗವಾಗಿ ದಾಟಿತು, ಸೆನ್ಸರ್ ಕಿತ್ತೆವು, ಭಾಗ ಉಡುಮಲೈ ಕಡೆಯ ಗಾಳಿಯಂತ್ರವೊಂದಕ್ಕೆ ಹೋಯಿತು. ಮಾಲೀಕರು ಆಗಿನಿಂದ ದೊಡ್ಡ ಕೆಲಸ ಸಾಗಿಸುವ ಮುಂಚೆ ನನಗೆ ಫೋನ್ ಮಾಡುತ್ತಾರೆ, ಮತ್ತು ನಿಧಾನವಾಗಿ ತಮಿಳು ಮಾತಾಡುತ್ತಾರೆ. ಅಕ್ಕ ಈಗ ಪ್ರತಿ ಭಾಗದ ಹಿಂಬದಿಗೆ, ಯಾರೂ ಹೇಳದಿದ್ದರೂ, ನೂಲು ಯಾವ ಕಡೆಗಿದೆ ಎಂದು ದೊಡ್ಡದೊಂದು ಬಾಣ ಬರೆದಿಡುತ್ತಾರೆ.